ಶಿವನಸಮುದ್ರದ ಕರೆಂಟ್ ವಿಶ್ವೇಶ್ವರಯ್ಯನವರ ಕೊಡುಗೆಯೇ? ದಿವಾನ್ ಶೇಷಾದ್ರಿ ಅಯ್ಯರ್ ಅವರ ನಿಜ ಕಥೆ

ಶಿವನಸಮುದ್ರದ ವಿದ್ಯುತ್ ಕೇಂದ್ರವನ್ನು ಸರ್ ಎಂ. ವಿಶ್ವೇಶ್ವರಯ್ಯ ಕಟ್ಟಿಸಿದರು, ಅದು ಏಷ್ಯಾದಲ್ಲೇ ಮೊದಲನೆಯದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಎರಡೂ ಮಾತು ತಪ್ಪು. ಈ ಕೇಂದ್ರ ಶುರುವಾದದ್ದು 1902ರಲ್ಲಿ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಹಾಗಾದರೆ ಇದರ ಹಿಂದೆ ಇದ್ದವರು ಯಾರು?

ದಿವಾನರಾದ ಬಗೆ

ಕೆ. ಶೇಷಾದ್ರಿ ಅಯ್ಯರ್ 1845ರಲ್ಲಿ ಪಾಲಕ್ಕಾಡ್ ಸೀಮೆಯಲ್ಲಿ ಹುಟ್ಟಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ದಿವಾನರಾಗಿ, 18 ವರ್ಷ ಆ ಹುದ್ದೆಯಲ್ಲಿದ್ದರು. ಆಗ ಮೈಸೂರು ಭೀಕರ ಬರದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು, ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದು, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದ್ದು ಇವರ ಕಾಲದಲ್ಲೇ.

ಸೌದೆಯೋ, ನೀರೋ?

ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಅದಕ್ಕೆ ಸೌದೆ ಬೇಕು, ಇಲ್ಲವೇ ಕಲ್ಲಿದ್ದಲು ಬೇಕು. ಸೌದೆಗೆ ಕಾಡು ಕಡಿಯಬೇಕು. ಕಲ್ಲಿದ್ದಲು ಮೈಸೂರಿನಲ್ಲಿ ಸಿಗುತ್ತಿರಲಿಲ್ಲ, ದೂರದಿಂದ ತರಿಸಬೇಕಿತ್ತು. ಇತ್ತ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿತ್ತು.

ಉಪ ಮುಖ್ಯ ಎಂಜಿನಿಯರ್ ಎ. ಸಿ. ಜೋಲಿ ದ ಲಾಟ್‌ಬಿನಿಯರ್ ಈ ಯೋಜನೆ ಮುಂದಿಟ್ಟರು. ಜಲಪಾತದಿಂದ ಗಣಿಗೆ ಸುಮಾರು 147 ಕಿಲೋಮೀಟರ್. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗ ಜಗತ್ತಿನಲ್ಲೇ ಅಪರೂಪ. ಕೈಕೊಟ್ಟಿದ್ದರೆ ಖಜಾನೆಯ ಹಣ ನೀರುಪಾಲು. ಅಯ್ಯರ್ ಅವಸರ ಮಾಡಲಿಲ್ಲ. 1899ರಲ್ಲಿ ಎಂಜಿನಿಯರನ್ನು ಯುರೋಪ್, ಅಮೆರಿಕಗಳಿಗೆ ಕಳಿಸಿ ವಿಚಾರಿಸಿದರು. ಕರೆಂಟ್ ಕೊಳ್ಳಲು ಗಣಿ ಕಂಪನಿಗಳನ್ನೂ ಒಪ್ಪಿಸಲಾಯಿತು.

ಆದರೆ ಆ ಕರೆಂಟನ್ನು ಅವರು ನೋಡಲಿಲ್ಲ. ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾಗಿ, ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ ಕೊನೆಯಲ್ಲಿ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ.

ಏಷ್ಯಾದಲ್ಲೇ ಮೊದಲೇ?

ಅಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಜಲವಿದ್ಯುತ್ ಬಂದಿತ್ತು. ಭಾರತದಲ್ಲಿ ಡಾರ್ಜಿಲಿಂಗ್ ಬಳಿಯ ಸಣ್ಣ ಕೇಂದ್ರ 1897ರದು. ಶಿವನಸಮುದ್ರದ ನಿಜವಾದ ಹೆಗ್ಗಳಿಕೆ ಅಷ್ಟು ದೂರಕ್ಕೆ ಎಳೆದ ಆ ತಂತಿ.

ಜಲವಿದ್ಯುತ್ ಪುಕ್ಕಟೆಯೇ?

ಅದೂ ಅಲ್ಲ. ನೀರಿಗೆ ಸೌದೆಯಂತೆ ದುಡ್ಡು ಕೊಡಬೇಕಿಲ್ಲ, ಹೊಗೆಯೂ ಇಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತವೆ. ವರ್ಷವಿಡೀ ಕರೆಂಟ್ ಬೇಕಾದರೆ ಮೇಲೆ ನೀರು ಹಿಡಿದಿಡಬೇಕು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟು ಶುರುವಾದದ್ದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ವಿಶ್ವೇಶ್ವರಯ್ಯನವರ ಪಾತ್ರ ಬರುವುದು ಇಲ್ಲಿ. ಆ ಅಣೆಕಟ್ಟಿಗೆ ಬೆಲೆ ತೆತ್ತವರು ಮನೆ, ಹೊಲ ಮುಳುಗಿ ಎದ್ದು ಹೋದ ಕನ್ನಂಬಾಡಿ ಮತ್ತು ಸುತ್ತಲಿನ ಊರುಗಳ ಜನ.

ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ ಎಂಬ ಮಾತೂ ಹರಿದಾಡುತ್ತದೆ. ಇದಕ್ಕೆ ಆಧಾರವಿಲ್ಲ. ಟರ್ಬೈನ್ ತಿರುಗುವುದು ಬೀಳುವ ನೀರಿನ ರಭಸದಿಂದ. ನೀರಿನೊಳಗಿನ ಯಾವ ವಸ್ತುವನ್ನೂ ಅದು ಹೀರುವುದಿಲ್ಲ. ಕೆಳಗೆ ಹರಿದ ನೀರು ಪೈರಿಗೆ ಮೊದಲಿನಷ್ಟೇ ಒಳ್ಳೆಯದು.

ನೆನಪಿಡಿ: ಶಿವನಸಮುದ್ರದ ಕೇಂದ್ರ ಶೇಷಾದ್ರಿ ಅಯ್ಯರ್ ಕಾಲದ ತೀರ್ಮಾನ, ಕನ್ನಂಬಾಡಿ ಅಣೆಕಟ್ಟು ವಿಶ್ವೇಶ್ವರಯ್ಯನವರ ಕಾಲದ್ದು. ಹಳೆಯ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಇದನ್ನು ತಿಳಿಸಿ.