ಎರಕದ ಸೌಟನ್ನು ಪಳಗಿಸಿದ ನೇಸ್ಮಿತ್

ಜೇಮ್ಸ್ ನೇಸ್ಮಿತನು ಹಬೆಯ ಸುತ್ತಿಗೆಯಿಂದ ಜಗದ್ವಿಖ್ಯಾತನಾದವನು. ನಾವಿಂದು ಹೇಳಹೊರಟಿರುವುದು ಅವನ ಸೌಟಿನ ಸಂಗತಿಯನ್ನು.

1808ರಲ್ಲಿ ಎಡಿನ್‌ಬರೋ ನಗರದ ಚಿತ್ರಕಾರನೊಬ್ಬನ ಮಗನಾಗಿ ಜನಿಸಿದ ಈತನು ಬಾಲ್ಯದಲ್ಲಿಯೇ ಸಹಪಾಠಿಯ ತಂದೆಯ ಎರಕಶಾಲೆಯಲ್ಲಿ ಕಬ್ಬಿಣದ ಕೆಲಸವನ್ನು ಕಂಡನು. 1836ರಲ್ಲಿ ಮ್ಯಾಂಚೆಸ್ಟರಿನ ಬಳಿ ಸ್ವಂತ ಕಾರ್ಖಾನೆಯನ್ನು ಕಟ್ಟಿದನು. ಕಾರ್ಮಿಕ ಸಂಘಗಳಿಗೆ ಈತನು ಮಿತ್ರನಲ್ಲ. ಮುಷ್ಕರ ಹೂಡಿದವರ ಸ್ಥಾನಕ್ಕೆ ಸ್ಕಾಟ್ಲೆಂಡಿನಿಂದ ಆಳುಗಳನ್ನು ಕರೆಸಿದವನು.

ಆಗ ಕೊಪ್ಪರಿಗೆಯಷ್ಟು ದೊಡ್ಡ ಸೌಟಿನಲ್ಲಿ ಕರಗಿದ ಕಬ್ಬಿಣವನ್ನು ತುಂಬಿ, ಕ್ರೇನಿಗೆ ತೂಗುಹಾಕಿ, ಹಲವರು ಹಿಡಿಕೆಗಳನ್ನೊತ್ತಿ ಬಾಗಿಸಿ ಅಚ್ಚಿಗೆ ಎರೆಯುತ್ತಿದ್ದರು. ಒಬ್ಬನ ಕೈ ತಪ್ಪಿದರೆ ಸಾಕು, ಆ ಬೆಂಕಿಯ ದ್ರವವು ತೇವದ ನೆಲಕ್ಕೆ ಬಿದ್ದು, ನೀರು ತಟ್ಟನೆ ಆವಿಯಾಗಿ ಸಿಡಿದು, ಸುತ್ತಲಿದ್ದವರನ್ನೆಲ್ಲ ಸುಡುತ್ತಿತ್ತು. ಕಾದ ಎಣ್ಣೆಯ ಬಾಣಲೆಗೆ ನೀರಿನ ಹನಿ ಬಿದ್ದುದನ್ನು ಕಂಡಿರುವ ನಮ್ಮ ಹೋಟೆಲು ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

1838ರಲ್ಲಿ ನೇಸ್ಮಿತನು ಸೌಟಿನ ಇರುಸಿಗೆ ಹಲ್ಲುಚಕ್ರವನ್ನೂ ಅದಕ್ಕೊಪ್ಪುವ ತಿರುಪನ್ನೂ ಜೋಡಿಸಿದನು. ಒಬ್ಬನೇ ಆಳು ದೂರ ನಿಂತು ತಿರುಪನ್ನು ತಿರುಗಿಸಿದರೆ ಸೌಟು ಮೆಲ್ಲಮೆಲ್ಲನೆ ಬಾಗುವುದು; ಕೈಬಿಟ್ಟರೂ ಇದ್ದಲ್ಲಿಯೇ ನಿಲ್ಲುವುದು. ಸುತ್ತಿಗೆಗೆ 1842ರಲ್ಲಿ ಪೇಟೆಂಟ್ ಪಡೆದ ಈ ವ್ಯವಹಾರಚತುರನು ಸೌಟಿಗೆ ಮಾತ್ರ ಪಡೆಯಲಿಲ್ಲ; ಅದರ ನಕ್ಷೆಗಳನ್ನು ಇತರ ಎರಕಶಾಲೆಗಳಿಗೆ ತಾನೇ ಕಳುಹಿಸಿದನು. ಸುತ್ತಿಗೆಗಿಂತ ಇದೇ ಹಿರಿದೆಂದು ನಮ್ಮ ಮತ.

48ನೆಯ ವಯಸ್ಸಿಗೇ ಕಾರ್ಖಾನೆಯನ್ನು ಬಿಟ್ಟು, ದೂರದರ್ಶಕದಲ್ಲಿ ಚಂದ್ರನನ್ನು ನೋಡುತ್ತ ಕಾಲ ಕಳೆದ ನೇಸ್ಮಿತನು 1890ರಲ್ಲಿ ಲಂಡನಿನಲ್ಲಿ ತೀರಿಕೊಂಡನು.