ಫ್ರೆಡ್ಡಿಗೂ ಒಂದು ಬ್ಯಾಕ್‌ಲಾಗ್ ಇತ್ತು

ಮೂರನೇ ಸೆಮಿಸ್ಟರ್ ಫಲಿತಾಂಶ ಬಂದ ರಾತ್ರಿ ಹಾಸ್ಟೆಲ್ ತಾರಸಿಗೆ ಹೋಗಿ ಕುಳಿತಿದ್ದೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕೈಕೊಟ್ಟಿತ್ತು. ಪಿಯುಸಿಯಲ್ಲಿ ನಾನು ತೆಗೆದ ಅಂಕಕ್ಕೆ ಓಣಿಗೆಲ್ಲ ಪೇಡೆ ಹಂಚಿದ್ದ ಅಪ್ಪನಿಗೆ ಫೋನ್ ಮಾಡಿ ಏನೆಂದು ಹೇಳುವುದು? ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕ್ವೀನ್ ಬ್ಯಾಂಡಿನ ಆಲ್ಬಂಗಳನ್ನು ಮೊದಲಿನಿಂದ ಒಂದೊಂದಾಗಿ ಕೇಳತೊಡಗಿದೆ. ರಾತ್ರಿ ಹತ್ತಕ್ಕೆ ಶುರು ಮಾಡಿದವನು ಹತ್ತನೆಯ ಆಲ್ಬಂ ತಲುಪುವಾಗ ಬೆಳಗಿನ ಜಾವ ನಾಲ್ಕಾಗಿತ್ತು. ಅದು 1982ರ 'ಹಾಟ್ ಸ್ಪೇಸ್'. ಎರಡನೇ ಹಾಡು ಮುಗಿಯುವಷ್ಟರಲ್ಲಿ ಸಿಟ್ಟು ಬಂತು. ಇಷ್ಟು ಹೊತ್ತು ನನ್ನನ್ನು ಎತ್ತಿ ಹಿಡಿದಿದ್ದ ಮನುಷ್ಯ ಇವನೇನಾ ಅನಿಸಿತು.

ಆ ಮನುಷ್ಯನ ಹೆಸರು ಫ್ರೆಡ್ಡಿ ಮರ್ಕ್ಯುರಿ. ಹುಟ್ಟುಹೆಸರು ಫಾರೂಖ್ ಬಲ್ಸಾರಾ. 1946ರ ಸೆಪ್ಟೆಂಬರ್ 5ರಂದು ಆಫ್ರಿಕಾದ ಪಕ್ಕದ ಜಂಜಿಬಾರ್ ದ್ವೀಪದಲ್ಲಿ ಗುಜರಾತ್ ಮೂಲದ ಪಾರ್ಸಿ ಮನೆಯಲ್ಲಿ ಹುಟ್ಟಿದ. ಅಪ್ಪ ಬ್ರಿಟಿಷ್ ಸರ್ಕಾರಿ ಕಚೇರಿಯಲ್ಲಿ ಕ್ಯಾಷಿಯರ್. ಎಂಟರ ಆಸುಪಾಸಿನಲ್ಲೇ ಹುಡುಗನನ್ನು ಹಡಗು ಹತ್ತಿಸಿ ಓದಲು ಭಾರತಕ್ಕೆ ಕಳಿಸಿದರು. ಸೇರಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಗೆ. ನನ್ನೂರು ಜಮಖಂಡಿ ಕಡೆ. ನಾವು ಕುಡಿಯುವ ಕೃಷ್ಣೆಯ ನೀರು ಹುಟ್ಟುವ ಮಹಾಬಳೇಶ್ವರದ ಪಕ್ಕದಲ್ಲೇ ಪಂಚಗಣಿ ಇರುವುದು. ಇದು ಗೊತ್ತಾದ ದಿನ ಫ್ರೆಡ್ಡಿ ನಮ್ಮ ಹೊಳೆಯ ಮೇಲಿನ ಊರವನು ಎಂದು ರೂಮ್‌ಮೇಟ್ ಮುಂದೆ ಕೊಚ್ಚಿಕೊಂಡಿದ್ದೆ.

ಪಿಯಾನೊ ಕಲಿತದ್ದು ಆ ಶಾಲೆಯಲ್ಲೇ. ಹನ್ನೆರಡರ ವಯಸ್ಸಿಗೆ ಗೆಳೆಯರ ಜತೆ 'ದಿ ಹೆಕ್ಟಿಕ್ಸ್' ಎಂಬ ಬ್ಯಾಂಡ್ ಕಟ್ಟಿದ. ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದುದರಿಂದ ಮುಂದಿನ ಹಲ್ಲು ಉಬ್ಬಿ ಕಾಣುತ್ತಿದ್ದವು. ಮುಂದೆ ಕೈತುಂಬ ಹಣ ಬಂದ ಮೇಲೂ ಅವನ್ನು ಸರಿಮಾಡಿಸಿಕೊಳ್ಳಲಿಲ್ಲ. ದನಿ ಕೆಟ್ಟೀತು ಎಂಬ ಭಯ ಅವನಿಗೆ.

ಓದು ಮುಗಿಸಿ ಜಂಜಿಬಾರ್‌ಗೆ ಮರಳಿದ. ಆದರೆ 1964ರಲ್ಲಿ ಅಲ್ಲಿ ಕ್ರಾಂತಿಯಾಗಿ ರಕ್ತ ಹರಿಯಿತು. ಮನೆಮಂದಿಯೆಲ್ಲ ಕೈಗೆ ಸಿಕ್ಕಷ್ಟು ಹಿಡಿದುಕೊಂಡು ಇಂಗ್ಲೆಂಡಿಗೆ ಬಂದರು. ಫ್ರೆಡ್ಡಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಲಗೇಜ್ ಹೊತ್ತ, ಲಂಡನ್ನಿನ ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಹಳೆ ಬಟ್ಟೆ ಮಾರಿದ. ನಡುವೆ ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಆರ್ಟ್ ಕಲಿತ. ಕ್ವೀನ್ ಬ್ಯಾಂಡಿನ ಲಾಂಛನ ಬಿಡಿಸಿದ್ದೂ ಅವನೇ.

1970ರಲ್ಲಿ ಗಿಟಾರ್ ವಾದಕ ಬ್ರಿಯಾನ್ ಮೇ, ಡ್ರಮ್ಮರ್ ರೋಜರ್ ಟೇಲರ್ ಜತೆ ಸೇರಿ ಬ್ಯಾಂಡ್ ಕಟ್ಟಿದಾಗ ಕ್ವೀನ್ ಎಂದು ಹೆಸರಿಟ್ಟ. ಬಲ್ಸಾರಾ ಹೋಗಿ ಮರ್ಕ್ಯುರಿಯಾದದ್ದೂ ಆಗಲೇ. ಮರುವರ್ಷ ಬಾಸ್ ಗಿಟಾರ್ ಹಿಡಿದು ಜಾನ್ ಡೀಕನ್ ಬಂದ. ಇಂಜಿನಿಯರಿಂಗ್ ಹುಡುಗರಿಗೆ ಈ ಬ್ಯಾಂಡ್ ಅಂದರೆ ಯಾಕಷ್ಟು ಪ್ರೀತಿ ಗೊತ್ತೇ? ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. ಕಸದಲ್ಲಿ ಸಿಕ್ಕ ಸರ್ಕೀಟ್ ಬೋರ್ಡಿನಿಂದ ಅವನು ಮಾಡಿದ ಪುಟ್ಟ ಆಂಪ್ಲಿಫೈಯರ್ ಬ್ಯಾಂಡಿನ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಕೇಳಿಸುತ್ತದೆ. ಮೇ ತನ್ನ ಗಿಟಾರನ್ನು ಅಪ್ಪನ ಜತೆ ಕೂತು ಹಳೆ ಅಗ್ಗಿಷ್ಟಿಕೆಯ ಮರದಿಂದ ಮಾಡಿಕೊಂಡಿದ್ದ. ಅರ್ಧಕ್ಕೆ ಬಿಟ್ಟಿದ್ದ ಖಗೋಳ ಭೌತಶಾಸ್ತ್ರದ ಪಿಎಚ್‌ಡಿಯನ್ನು 2007ರಲ್ಲಿ ಮುಗಿಸಿದ! ಇಂಥ ಮೂವರ ನಡುವೆ ಚಿತ್ರ ಬಿಡಿಸುವವನು ಫ್ರೆಡ್ಡಿ ಒಬ್ಬನೇ.

ನನ್ನ ಮಟ್ಟಿಗೆ ಅವರ ಶಿಖರ 1975ರ 'ಎ ನೈಟ್ ಅಟ್ ದಿ ಒಪೆರಾ'. ಅದರಲ್ಲಿನ 'ಬೊಹಿಮಿಯನ್ ರಾಪ್ಸೊಡಿ' ಫ್ರೆಡ್ಡಿಯ ಕೈಚಳಕ. ಮೂರು ನಿಮಿಷದ ಹಾಡುಗಳೇ ರೇಡಿಯೊದಲ್ಲಿ ಓಡುತ್ತಿದ್ದ ಕಾಲದಲ್ಲಿ ಇದರ ಉದ್ದ 5 ನಿಮಿಷ 55 ಸೆಕೆಂಡ್. ಪಲ್ಲವಿಯೇ ಇಲ್ಲ. ಪಿಯಾನೊದಲ್ಲಿ ಮೆಲ್ಲಗೆ ಶುರುವಾಗಿ, ನಡುವೆ ಒಪೆರಾ ಆಗಿ, ಆಮೇಲೆ ರಾಕ್ ಆಗಿ ಸಿಡಿದು, ಕೊನೆಗೆ ಮತ್ತೆ ತಣ್ಣಗಾಗುತ್ತದೆ. ಒಪೆರಾ ಭಾಗದಲ್ಲಿ ದೊಡ್ಡ ಗಾಯಕವೃಂದವೇ ಹಾಡಿದಂತೆ ಕೇಳಿಸಿದರೂ ಇರುವುದು ಮೂರೇ ಗಂಟಲು. ಕಂಪ್ಯೂಟರ್ ಇಲ್ಲದ ದಿನಗಳು. 24 ಟ್ರ್ಯಾಕ್ ಟೇಪಿನ ಮೇಲೆ ದನಿಗೆ ದನಿ ಪೇರಿಸುತ್ತ ಹೋದರು. ಓಡಿಸಿ ಓಡಿಸಿ ಟೇಪು ಸವೆಯಿತು. ಇಷ್ಟುದ್ದದ ಹಾಡು ಓಡುವುದಿಲ್ಲ ಎಂದವರ ಬಾಯಿ ಮುಚ್ಚಿಸಿ, ಬ್ರಿಟನ್‌ನಲ್ಲಿ ಒಂಬತ್ತು ವಾರ ಅದು ಮೊದಲ ಸ್ಥಾನದಲ್ಲಿತ್ತು.

ಬೇರೆ ಯಾರಾದರೂ ಆಗಿದ್ದರೆ ಅದೇ ಅಚ್ಚಿನಲ್ಲಿ ಇನ್ನೂ ಹತ್ತು ಹಾಡು ಎರಕ ಹೊಯ್ಯುತ್ತಿದ್ದರು. ಫ್ರೆಡ್ಡಿಗೆ ಅದು ಬೇಕಿರಲಿಲ್ಲ. ತಮ್ಮ ಆಲ್ಬಂಗಳಲ್ಲಿ ಸಿಂಥಸೈಜರ್ ಬಳಸಿಲ್ಲ ಎಂದು ಕವರಿನ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿದ್ದ ಬ್ಯಾಂಡ್ 1980ರ 'ದಿ ಗೇಮ್'ನಲ್ಲಿ ಅದನ್ನು ಬಳಸಿತು. ಡೀಕನ್ ಬರೆದ ಕುಣಿತದ ಹಾಡೊಂದು ಅಮೆರಿಕದಲ್ಲಿ ಭರ್ಜರಿ ಗೆದ್ದಿತು. ಆ ಗೆಲುವಿನ ಬೆನ್ನು ಹತ್ತಿ ಹೋದದ್ದೇ 'ಹಾಟ್ ಸ್ಪೇಸ್'. ಮ್ಯೂನಿಕ್ ನಗರದ ಡಿಸ್ಕೊಗಳ ಗುಂಗಿನಲ್ಲಿದ್ದ ಫ್ರೆಡ್ಡಿಗೆ ಕುಣಿತದ ಸಂಗೀತ ಬೇಕಿತ್ತು. ಡೀಕನ್ ಅವನ ಕಡೆಗಿದ್ದ. ಮೇ, ಟೇಲರ್ ಇಬ್ಬರಿಗೂ ಇರಿಸುಮುರಿಸು. ಡ್ರಮ್ ಮಷೀನ್ ಮುಂದೆ ಬಂತು, ಗಿಟಾರ್ ಮೂಲೆಗೆ ಸರಿಯಿತು. 'ಬಾಡಿ ಲ್ಯಾಂಗ್ವೇಜ್' ಹಾಡಿನಲ್ಲಂತೂ ಗಿಟಾರನ್ನು ಹುಡುಕಬೇಕು. ಡೇವಿಡ್ ಬೋವಿ ಜತೆ ಹಾಡಿದ ಕೊನೆಯ 'ಅಂಡರ್ ಪ್ರೆಷರ್' ಇಲ್ಲದಿದ್ದರೆ ಆಲ್ಬಂ ನನ್ನ ಪಾಲಿಗೆ ಸೊನ್ನೆಯೇ.

ಅಭಿಮಾನಿಗಳು ಮುಖ ತಿರುಗಿಸಿದರು. ಆ ವರ್ಷದ ಪ್ರವಾಸದ ನಂತರ ಕ್ವೀನ್ ಫ್ರೆಡ್ಡಿಯೊಂದಿಗೆ ಮತ್ತೆಂದೂ ಅಮೆರಿಕದಲ್ಲಿ ಹಾಡಲಿಲ್ಲ. 1984ರಲ್ಲಿ ಇನ್ನೂ ದೊಡ್ಡ ತಪ್ಪಾಯಿತು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾವನ್ನು ಕಲಾವಿದರು ಬಹಿಷ್ಕರಿಸಿದ್ದಾಗ ಇವರು ಅಲ್ಲಿನ ಸನ್ ಸಿಟಿಗೆ ಹೋಗಿ ಹಾಡಿದರು. ಜಂಜಿಬಾರ್‌ನಲ್ಲಿ ಹುಟ್ಟಿದವನು ಹಾಗೆ ಮಾಡಬಾರದಿತ್ತು. ಕೆಟ್ಟ ಆಲ್ಬಮನ್ನು ಮರೆಯಬಹುದು, ಇದನ್ನು ಮರೆಯಲು ನನಗಾಗಿಲ್ಲ. 1985ರಲ್ಲಿ ಒಬ್ಬನೇ ಹೊರತಂದ 'ಮಿಸ್ಟರ್ ಬ್ಯಾಡ್ ಗೈ' ಕೂಡ ಅಮೆರಿಕದಲ್ಲಿ ಮಕಾಡೆ ಮಲಗಿತು.

ಅದೇ ವರ್ಷ ಜುಲೈ 13ರಂದು ಇಥಿಯೋಪಿಯದ ಬರಗಾಲದ ನೆರವಿಗೆಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಲೈವ್ ಏಡ್ ನಡೆಯಿತು. ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ ಚಿಲ್ಲರೆ. ಬಿಳಿ ಬನಿಯನ್ ತೊಟ್ಟು ಓಡಿ ಬಂದ ಫ್ರೆಡ್ಡಿ ಪಿಯಾನೊ ಮುಂದೆ ಕುಳಿತ. ಆಮೇಲೆ ಅರ್ಧ ಮೈಕ್ ಸ್ಟ್ಯಾಂಡ್ ಹಿಡಿದು ಎದ್ದುನಿಂತ. ಇಡೀ ಮೈದಾನ ಅವನ ಒಂದೊಂದು ಕೂಗಿಗೂ ಓಗೊಟ್ಟಿತು. ಆ ವಿಡಿಯೊ ನೋಡುವಾಗ ಮೂರು ವರ್ಷ ಹಿಂದಿನ ಸೋಲು ಅವನ ಮೈಮೇಲೆ ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕಿದ್ದೇನೆ. ಕಂಡಿಲ್ಲ.

ನಂತರ ಏಡ್ಸ್ ಅವನನ್ನು ತಿನ್ನತೊಡಗಿತು. 1991ರ 'ಇನ್ಯುಯೆಂಡೊ' ನನ್ನ ಎರಡನೇ ಮೆಚ್ಚಿನ ಆಲ್ಬಂ. ಅದರ 'ದಿ ಶೋ ಮಸ್ಟ್ ಗೋ ಆನ್' ಹಾಡಿನ ಎತ್ತರದ ಸ್ವರಗಳನ್ನು ಈ ಸ್ಥಿತಿಯಲ್ಲಿ ಅವನು ಹಾಡಬಲ್ಲನೇ ಎಂದು ಮೇ ಅಳುಕಿದ್ದ. ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಏರಿಸಿ ಹಾಡಿ ಮುಗಿಸಿದ. ಆಲ್ಬಂ ಬಂದ ಮೇಲೂ ಶಕ್ತಿ ಇದ್ದಷ್ಟು ದಿನ ಸ್ಟುಡಿಯೊಗೆ ಬಂದ. 'ಮದರ್ ಲವ್' ಎಂಬ ಹಾಡಿನ ಕೊನೆಯ ಚರಣ ಆಮೇಲೆ ಹಾಡುವೆನೆಂದು ಹೋದವನು ಮತ್ತೆ ಬರಲಿಲ್ಲ. ಆ ಚರಣವನ್ನು ಮೇ ಹಾಡಿದ್ದಾನೆ. ತನ್ನ ಕಾಯಿಲೆಯನ್ನು ಫ್ರೆಡ್ಡಿ ಜಗತ್ತಿಗೆ ತಿಳಿಸಿದ್ದು 1991ರ ನವೆಂಬರ್ 23ರಂದು. ಮರುದಿನವೇ ತೀರಿಕೊಂಡ. ವಯಸ್ಸು 45. ಅಂತ್ಯಸಂಸ್ಕಾರ ಪಾರ್ಸಿ ಪದ್ಧತಿಯಲ್ಲೇ ನಡೆಯಿತು.

ಆ ಬೆಳಗಿನ ಜಾವ ನಾನು 'ಹಾಟ್ ಸ್ಪೇಸ್' ಪೂರ್ತಿ ಕೇಳಿದೆ. ಇಷ್ಟವಾಯಿತು ಎಂದು ಸುಳ್ಳು ಹೇಳಲಾರೆ, ಈಗಲೂ ಇಷ್ಟವಿಲ್ಲ. ಆದರೆ ಅದು ಸೋಮಾರಿತನದಿಂದ ಕೆಟ್ಟದ್ದಲ್ಲ, ಹೊಸದೇನೋ ಮಾಡಲು ಹೋಗಿ ಕೆಟ್ಟದ್ದು. ನನ್ನ ಬ್ಯಾಕ್‌ಲಾಗ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳುವಂತಿರಲಿಲ್ಲ. ನಾನು ಓದಿರಲಿಲ್ಲ, ಅಷ್ಟೇ. ಆರು ಗಂಟೆಗೆ ಅಪ್ಪನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅಪ್ಪ, ಚಹಾ ಕುಡಿದೆಯಾ ಎಂದು ಕೇಳಿದರು.

ಆರು ತಿಂಗಳ ನಂತರ ಸಿಗ್ನಲ್ಸ್ ಪಾಸಾಯಿತು. 'ಹಾಟ್ ಸ್ಪೇಸ್' ನನ್ನ ಫೋನಿನಲ್ಲಿ ಇನ್ನೂ ಇದೆ, ಡಿಲೀಟ್ ಮಾಡಿಲ್ಲ.