ಸಂತ ಜೋಸೆಫ್ ವಾಸ್: ವಾಗ್ದಾನವನ್ನು ನಂಬಿ ನಡೆದವರು



ಈ ಮುಡಿಪು ಗುಡ್ಡದ ಕಥೆ ಕರಾವಳಿಯವರಿಗೆ ಚಿಕ್ಕಂದಿನಿಂದ ಗೊತ್ತು. ಮನೆಯಲ್ಲಿ ಅಜ್ಜ ಅಜ್ಜಿಯರು ಕೊಂಕಣಿಯಲ್ಲಿ ಹೇಳಿ ಹೇಳಿ ಅದು ಅವರಿಗೆ ಬಾಯಿಪಾಠ. ಆದರೆ ಘಟ್ಟದ ಮೇಲಿನಿಂದ ಬರುವವರು, ಅದರಲ್ಲೂ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬರುವವರು, ಗುಡ್ಡ ಹತ್ತಿ, ಮೇಣದಬತ್ತಿ ಹಚ್ಚಿ, ಚಿಲುಮೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೊರಟುಬಿಡುತ್ತಾರೆ. ಈ ಸಂತರು ಯಾರು, ಎಲ್ಲಿಯವರು, ಏನು ಮಾಡಿದರು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಅಂಥವರಿಗಾಗಿ ಈ ನಾಲ್ಕು ಮಾತು.

ಜೋಸೆಫ್ ವಾಸ್ ಅವರು ಗೋವೆಯ ಬೆಣಾವ್ಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದರು. ಅದು ತಾಯಿಯ ಊರು. ತಂದೆಯವರ ಊರು ಸಾಂಕ್ವಾಳ. ತಂದೆ ಕ್ರಿಸ್ತೋವಾಂವ್ ವಾಸ್, ತಾಯಿ ಮರಿಯಾ ದ ಮಿರಾಂದಾ. ಕೊಂಕಣಿ ಮಾತಾಡುವ ದೈವಭಕ್ತ ಮನೆತನ. 1676ರಲ್ಲಿ ಜೋಸೆಫ್ ಅವರಿಗೆ ಗುರುದೀಕ್ಷೆ ಆಯಿತು. ಅಂದಿನಿಂದ ಅವರು ಕಾಲಿಗೆ ಪಾದರಕ್ಷೆ ಹಾಕುವುದನ್ನು ಬಿಟ್ಟರು. ಬಡವರು ಬರಿಗಾಲಲ್ಲಿ ನಡೆಯುವಾಗ ಬಡವರ ಗುರು ಹೇಗೆ ಬೂಟು ಹಾಕಿ ನಡೆಯುವುದು ಎನ್ನುವುದು ಅವರ ಲೆಕ್ಕ. ಮರುವರ್ಷ, 1677ರ ಆಗಸ್ಟ್ 5ರಂದು, ತಾನು ಮಾತೆ ಮರಿಯಮ್ಮನ ದಾಸ ಎಂದು ಪತ್ರ ಬರೆದು ಸಹಿ ಹಾಕಿದರು. ಆ ಕಾಲದಲ್ಲಿ ಗುಲಾಮರನ್ನು ಪತ್ರ ಮಾಡಿಯೇ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಇವರು ತಮ್ಮನ್ನು ತಾವೇ ಬರೆದುಕೊಟ್ಟರು.

ಅದೇ ದಿನಗಳಲ್ಲಿ ಲಂಕೆಯ ಸುದ್ದಿ ಅವರ ಕಿವಿಗೆ ಬಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಲಂಕೆಯಿಂದ ಓಡಿಸಿದ್ದರು. ಡಚ್ಚರೂ ಕ್ರೈಸ್ತರೇ, ಆದರೆ ಕಥೋಲಿಕರನ್ನು ಕಂಡರೆ ಅವರಿಗೆ ಆಗದು. ಕಥೋಲಿಕ ಗುರುಗಳಿಗೆ ಪ್ರವೇಶವಿಲ್ಲ, ಗುರುವಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಮರಣದಂಡನೆ ಎಂಬ ಕಾನೂನು. ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಸಾಯುವವರಿಗೆ ಅಭ್ಯಂಗ ಇಲ್ಲ. ಹೀಗೆ ಇಪ್ಪತ್ತು ವರ್ಷ. ಆ ಜನ ಮಾತ್ರ ಜಪಮಾಲೆ ಬಿಡಲಿಲ್ಲ, ದೇವರು ನಮ್ಮನ್ನು ಮರೆತಿಲ್ಲ ಅಂತ ಮನೆಯೊಳಗೆ ಕದ ಹಾಕಿಕೊಂಡು ಪ್ರಾರ್ಥಿಸುತ್ತಿದ್ದರು. ಫಾದರ್ ವಾಸ್ ಅವರಿಗೆ ಈ ಸುದ್ದಿ ಕೇಳಿದ ಮೇಲೆ ನೆಮ್ಮದಿ ಇರಲಿಲ್ಲ. ಲಂಕೆಗೆ ಕಳಿಸಿ ಅಂತ ಮೇಲಿನವರಲ್ಲಿ ಬೇಡಿಕೊಂಡರು. ಮೇಲಿನವರು ಕಳಿಸಿದ್ದು ಲಂಕೆಗಲ್ಲ, ಕೆನರಾಕ್ಕೆ. ಅಂದರೆ ನಮ್ಮ ಈ ನಾಡಿಗೆ. ಅದು 1681.

ಇಲ್ಲಿ ಹಂಪಿ ಸೀಮೆಯ ಯಾತ್ರಿಕರಿಗೆ ಒಂದು ಮಾತು ಹೇಳಬೇಕು. ಆಗ ಈ ಕರಾವಳಿ ಕೆಳದಿ ಅರಸರ ಕೈಯಲ್ಲಿತ್ತು. ಈ ಕೆಳದಿಯವರು ಮೊದಲು ನಿಮ್ಮ ವಿಜಯನಗರದ ಸಾಮಂತರೇ. 1565ರಲ್ಲಿ ರಕ್ಕಸತಂಗಡಿ ಯುದ್ಧವಾಗಿ ಹಂಪಿ ಹಾಳಾದ ಮೇಲೆ ಸ್ವತಂತ್ರರಾದರು. 1650ರ ದಶಕದಲ್ಲಿ ಶಿವಪ್ಪನಾಯಕರು ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಹಿಡಿದರು. ಕೋಟೆಗಳ ಜೊತೆ ಗುರುಗಳೂ ಹೋದರು, ಕ್ರೈಸ್ತರು ಇಲ್ಲೇ ಉಳಿದರು. ವಾಸ್ ಅವರು ಬರುವ ಹೊತ್ತಿಗೆ ರಾಣಿ ಕೆಳದಿ ಚೆನ್ನಮ್ಮಾಜಿ ಆಳುತ್ತಿದ್ದರು. ಹಂಪಿಯ ಒಳ್ಳೆಯ ಕಾಲದಲ್ಲಿ ಗೋವೆಯಿಂದ ಅಲ್ಲಿಗೆ ಬಂದವರು ಕುದುರೆ ವ್ಯಾಪಾರಕ್ಕೆ ಬಂದರು, ದರ್ಬಾರು ನೋಡಿ ಬರೆದುಕೊಂಡು ಹೋದರು. ಈ ಫಾದರ್ ಬಂದದ್ದು ಬರಿಗಾಲಲ್ಲಿ, ಬರಿಗೈಯಲ್ಲಿ, ಕುರುಬನಿಲ್ಲದ ಕುರಿಗಳನ್ನು ಹುಡುಕಿಕೊಂಡು.

ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ ಅಂತ ಮೂರು ವರ್ಷ ನಡೆದೇ ನಡೆದರು. ಕೆಲಸ ಸುಲಭವಿರಲಿಲ್ಲ. ಗೋವೆಯವರು ಕಳಿಸಿದ ಅಧಿಕಾರ ಒಂದು ಕಡೆ, ರೋಮ್‌ನಿಂದ ಬಂದಿದ್ದ ಬಿಷಪ್ ಥೋಮಸ್ ದ ಕಾಸ್ತ್ರೊ ಅವರ ಅಧಿಕಾರ ಇನ್ನೊಂದು ಕಡೆ. ಈ ಜಗಳದ ನಡುವೆ ಜನ ಯಾರ ಮಾತು ಕೇಳಬೇಕು? ವಾಸ್ ಅವರು ಯಾರನ್ನೂ ಬೈಯದೆ, ತಾಳ್ಮೆಯಿಂದ ಎರಡೂ ಕಡೆ ಮಾತಾಡಿ, ಸಂಸ್ಕಾರಗಳು ನಿಲ್ಲದ ಹಾಗೆ ನೋಡಿಕೊಂಡರು. ಮಕ್ಕಳಿಗೆ ಓದು ಕಲಿಸುವ ಚಿಕ್ಕ ಶಾಲೆಗಳನ್ನೂ ತೆರೆದರು.

ಈ ಗುಡ್ಡದ ಸಂಗತಿ ನಡೆದದ್ದು ಆಗಲೇ ಎಂದು ಇಲ್ಲಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆ, ಅಭ್ಯಂಗ ಕೊಡಬೇಕು ಅಂತ ಸುಳ್ಳು ಹೇಳಿ ಅವರನ್ನು ಇಲ್ಲಿಗೆ ಕರೆತಂದರಂತೆ. ಕರೆತಂದವರ ಮನಸ್ಸಿನಲ್ಲಿದ್ದದ್ದು ಕೊಲೆ. ಗೊತ್ತಾದ ಮೇಲೂ ಫಾದರ್ ಓಡಲಿಲ್ಲ, ಪ್ರಾರ್ಥನೆಗೆ ನಿಂತರು. ಅವರ ಸುತ್ತ ಬೆಳಕು ಕಂಡು ಬಂದವರು ಬೆದರಿದರು, ಒಣಕಲ್ಲಿನ ನೆಲದಲ್ಲಿ ಮೂರು ಕಡೆ ನೀರು ಚಿಮ್ಮಿತು. ನೀವು ಬಾಟಲಿಗೆ ತುಂಬುವುದು ಆ ಚಿಲುಮೆಗಳ ನೀರು. ನೀರು ಒಯ್ಯಿರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಇಲ್ಲಿ ನಿಂತಾಗ ನೀರು ಇನ್ನೂ ಬಂದಿರಲಿಲ್ಲ ಎಂಬುದನ್ನೂ ಸ್ವಲ್ಪ ನೆನೆಯಿರಿ.

1684ರಲ್ಲಿ ಗೋವೆಗೆ ಮರಳಿದರು. ಮರುವರ್ಷ ಹಳೇ ಗೋವೆಯಲ್ಲಿ ಭಾರತೀಯ ಗುರುಗಳೇ ಕೂಡಿ ಬಾಳುವ ಒಂದು ಸಭೆಯನ್ನು ಸೇರಿ, ಅದರ ಹಿರಿಯರಾದರು. ಅಲ್ಲೇ ಇದ್ದಿದ್ದರೆ ಗೌರವದ ಬಾಳು. ಆದರೆ ಲಂಕೆಯ ಕರೆ ನಿಂತಿರಲಿಲ್ಲ. 1686ರಲ್ಲಿ ಹಿರಿತನ ಬಿಟ್ಟು, ಜಾನ್ ಎಂಬ ಸೇವಕನನ್ನು ಜೊತೆಗೆ ಕರೆದುಕೊಂಡು ಹೊರಟರು. ತೂತ್ತುಕುಡಿಯಿಂದ ಹಡಗು ಹತ್ತುವಾಗ ಮೈಮೇಲೆ ಗುರುಗಳ ನಿಲುವಂಗಿ ಇರಲಿಲ್ಲ, ಕೂಲಿಯವನ ತುಂಡುಬಟ್ಟೆ ಇತ್ತು. ಗಣಿಯಲ್ಲಿ, ಗದ್ದೆಯಲ್ಲಿ ಮೈಮುರಿದು ದುಡಿಯುವ ಸಂಡೂರು, ಕಂಪ್ಲಿಯ ಜನರಿಗೆ ಈ ವೇಷದ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿದೀತು. ಕೂಲಿಯವನ ಮುಖವನ್ನು ಯಾರೂ ನೋಡುವುದಿಲ್ಲ. ಅದೇ ಅವರಿಗೆ ರಕ್ಷೆಯಾಯಿತು.

1687ರಲ್ಲಿ ಲಂಕೆ ಮುಟ್ಟಿದರು. ಮುಟ್ಟಿದ ಮೇಲೆ ಏನಾಯಿತು ಕೇಳಿ. ಯಾಫ್ನಾದಲ್ಲಿ ಭೇದಿ ಹತ್ತಿತು. ಅಂಟುರೋಗ ಅಂತ ಜನ ಅವರನ್ನು ಊರಾಚೆ ಇಟ್ಟರು. ಗುರುತಿಲ್ಲ, ಭಾಷೆ ಬಾರದು, ಏಳಲು ಶಕ್ತಿಯಿಲ್ಲ. ಒಬ್ಬ ಹೆಣ್ಣುಮಗಳು ಗಂಜಿ ತಂದುಕೊಟ್ಟು ಅವರನ್ನು ಉಳಿಸಿದಳು. ಆಕೆಯ ಹೆಸರು ಚರಿತ್ರೆಯಲ್ಲಿ ಇಲ್ಲ. ಆಕೆ ಇಲ್ಲದಿದ್ದರೆ ಈ ಕಥೆಯೇ ಇಲ್ಲ. ದೇವರ ಯೋಜನೆ ಕೆಲವು ಸಲ ಒಂದು ಗಂಜಿ ತಟ್ಟೆಯಲ್ಲಿ ಬರುತ್ತದೆ ನೋಡಿ.

ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಪತ್ತೆಮಾಡಲು ಅವರು ಹಿಡಿದ ಉಪಾಯ ಬಲು ಸರಳ. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಕಣ್ಣು ಅರಳಿತೋ ಅವರು ನಮ್ಮವರು. ಹೀಗೆ ಒಂದು ಮನೆ, ಅದರಿಂದ ಇನ್ನೊಂದು ಮನೆ. ರಾತ್ರಿ ಹೊತ್ತು ಬಲಿಪೂಜೆ, ಬೆಳಗಾಗುವ ಮುಂಚೆ ಇನ್ನೊಂದು ಊರು. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ಪೂಜೆಯ ಮನೆಗಳ ಮೇಲೆ ಬಿದ್ದು ಬಹಳ ಮಂದಿಯನ್ನು ಹಿಡಿದರು. ಫಾದರ್ ತಪ್ಪಿಸಿಕೊಂಡರು. ಹಿಡಿದವರಿಗೆ ದಂಡ, ಸೆರೆಮನೆ. ಆದರೂ ಅವರನ್ನು ತೋರಿಸಿಕೊಟ್ಟವರಿಲ್ಲ.

ಮುಂದೆ 1692ರಲ್ಲಿ ಕ್ಯಾಂಡಿಗೆ ಹೋದರು. ಅಲ್ಲಿ ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯ. ಹೋದ ಕೂಡಲೇ ಪೋರ್ಚುಗೀಸರ ಗೂಢಚಾರ ಎಂದು ಹಿಡಿದು ಸೆರೆಗೆ ಹಾಕಿದರು. ಇವರು ಸೆರೆಯಲ್ಲಿ ಕೂತು ಸಿಂಹಳ ಕಲಿತರು! ಅಲ್ಲೇ ಗುಡಿಸಲಿನಂಥ ಪೂಜಾಸ್ಥಳ ಮಾಡಿಕೊಂಡು ಕ್ರಿಸ್ತಜಯಂತಿಯ ಬಲಿಪೂಜೆ ಅರ್ಪಿಸಿದರು.

ಆಮೇಲೆ ಭಾರೀ ಬರ ಬಂತು. ಬರ ಎಂದರೇನು ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ, ತುಂಗಭದ್ರೆಯ ಕಾಲುವೆ ಬರುವ ಮುಂಚಿನ ಬಳ್ಳಾರಿ ಸೀಮೆಯನ್ನು ನಿಮ್ಮ ಹಿರಿಯರು ಕಂಡಿದ್ದಾರೆ. ಭಿಕ್ಷುಗಳ ಪ್ರಾರ್ಥನೆಯಿಂದ ಮಳೆ ಬಾರದಿದ್ದಾಗ ರಾಜ ಸೆರೆಯಾಳನ್ನು ಕೇಳಿದ. ಫಾದರ್ ಚೌಕದಲ್ಲಿ ಪೀಠ ಮಾಡಿ, ಶಿಲುಬೆ ನಿಲ್ಲಿಸಿ, ಮೊಣಕಾಲೂರಿದರು. ಮಳೆ ಸುರಿಯಿತು, ಪೀಠ ಮತ್ತು ಅವರು ಮಾತ್ರ ನೆನೆಯಲಿಲ್ಲ ಎಂದು ಅವರ ಚರಿತ್ರೆ ಹೇಳುತ್ತದೆ. ಅಂದಿನಿಂದ ಅವರಿಗೆ ರಾಜ್ಯದಲ್ಲಿ ಓಡಾಡುವ ಅನುಮತಿ ಸಿಕ್ಕಿತು. ಎಲ್ಲರೂ ಈ ಮಳೆಯನ್ನೇ ದೊಡ್ಡದಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಮೋಡವೇ ಕಾಣದ ದಿನಗಳಲ್ಲಿ ಸೆರೆಯೊಳಗೆ ಕೂತು, ಮುಂದೆ ಬೇಕಾದೀತು ಅಂತ ಆ ನಾಡಿನ ಭಾಷೆ ಕಲಿತದ್ದು. ಬಿಡುಗಡೆಯಾಗುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ಅಬ್ರಹಾಮನೂ ಹೀಗೇ ಎಲ್ಲಿಗೆ ಅಂತ ತಿಳಿಯದೆ ಹೊರಟವನು, ಕರೆದಾತನ ಮಾತನ್ನು ಮಾತ್ರ ಹಿಡಿದುಕೊಂಡು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಜನ ಓಡಿದರು. ಫಾದರ್ ವಾಸ್ ಮತ್ತು ಫಾದರ್ ಜೋಸೆಫ್ ಕಾರ್ವಾಲೊ ಬಿಟ್ಟುಹೋದ ಮನೆಗಳನ್ನೇ ಆಸ್ಪತ್ರೆ ಮಾಡಿ, ಯಾವ ಮತದವರು ಅಂತ ಕೇಳದೆ, ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಒಂದು ಕಾಲದಲ್ಲಿ ಕುಡಿದ ಗಂಜಿಯ ಋಣ ಹೀಗೆ ತೀರಿಸಿದರೋ ಏನೋ.

ಬಂದ ಮೇಲೆ ಒಂಬತ್ತು ವರ್ಷಗಳಷ್ಟು ಕಾಲ ಇಡೀ ಲಂಕೆಗೆ ಅವರೊಬ್ಬರೇ ಗುರು. ಆಮೇಲೆ ಗೋವೆಯಿಂದ ಸಂಗಡಿಗರು ಬರತೊಡಗಿದರು. 1705ರಲ್ಲಿ ಬಂದ ಫಾದರ್ ಜಾಕೋಮೆ ಗೊನ್ಸಾಲ್ವಿಸ್ ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ಪುಸ್ತಕಗಳನ್ನು ಬರೆದರು. ಬಿಷಪ್ ಆಗಿ ಎಂದಾಗ ವಾಸ್ ಅವರು ಒಪ್ಪಲಿಲ್ಲ. ಗೋವೆಗೆ ಮತ್ತೆ ಹೋಗಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಾಣ ಬಿಟ್ಟರು. ಆಗ ಅವರಿಗೆ 59 ವರ್ಷ. ಡಚ್ಚರ ಕಾನೂನು ಆಗಲೂ ಜಾರಿಯಲ್ಲಿತ್ತು, ಲಂಕೆಯ ಕಥೋಲಿಕರ ಪೂರ್ಣ ಬಿಡುಗಡೆಯನ್ನು ಅವರು ಕಣ್ಣಾರೆ ನೋಡಲಿಲ್ಲ.

ಅವರನ್ನು ಮಣ್ಣು ಮಾಡಿದ ದೇವಾಲಯ ಮುಂದೆ ಹಾಳಾಯಿತು, ಸಮಾಧಿ ಇಂದಿಗೂ ಸಿಕ್ಕಿಲ್ಲ. ಜಗದ್ಗುರು ಎರಡನೇ ಜಾನ್ ಪಾಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ಊರಿನ ಕಡಲ ದಂಡೆಯ ಗಾಲ್ ಫೇಸ್ ಮೈದಾನದಲ್ಲಿ ಸಂತರೆಂದು ಘೋಷಿಸಿದರು. ಕೂಲಿಯವನ ವೇಷದಲ್ಲಿ, ಯಾರ ಕಣ್ಣಿಗೂ ಬೀಳದೆ ಆ ದ್ವೀಪಕ್ಕೆ ಇಳಿದವರ ಹೆಸರನ್ನು ಅಂದು ಅಲ್ಲಿ ಲಕ್ಷಾಂತರ ಜನ ಒಟ್ಟಿಗೆ ಕೂಗಿದರು. ಅವರ ಹಬ್ಬ ಪ್ರತಿವರ್ಷ ಜನವರಿ 16ರಂದು.